ಬರೆಸ್ಕೊಂಡು ಬನ್ನಿ

ಸರ್ಕಾರಿ ಕಚೇರಿಯ ಕಿಟಕಿಯಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ, ಪೊಲೀಸ್ ಠಾಣೆಯ ಮೇಜಿನ ಮುಂದೆ, ಎಲ್ಲಿ ಹೋದರೂ ಈ ಮಾತು ಕೇಳುತ್ತದೆ: "ಹೀಗೆ ಬಾಯಲ್ಲಿ ಹೇಳಿದ್ರೆ ಆಗಲ್ಲ, ಯಾರ ಹತ್ರಾನಾದ್ರೂ ಬರೆಸ್ಕೊಂಡು ಬನ್ನಿ." ಹೇಳುವವರಲ್ಲಿ ಸಿಟ್ಟೇನೂ ಇರುವುದಿಲ್ಲ. ಎಷ್ಟೋ ಜನ ಮೆತ್ತಗೇ ಹೇಳುತ್ತಾರೆ. ಆದರೂ ಅದು ಕಿವಿಗೆ ಬಿದ್ದ ದಿನ ನನ್ನ ಮನಸ್ಸು ನೆಟ್ಟಗಿರುವುದಿಲ್ಲ. ಮೊನ್ನೆ ತಾಲ್ಲೂಕು ಕಚೇರಿಯೊಂದರಲ್ಲಿ, ಸಂಧ್ಯಾ ಸುರಕ್ಷಾ ಪಿಂಚಣಿ ನಿಂತುಹೋಗಿದೆ ಎಂದು ಬಂದಿದ್ದ ಅಜ್ಜಿಯೊಬ್ಬರಿಗೆ ಇದನ್ನೇ ಹೇಳಿದರು. ಅಜ್ಜಿ ಎದುರು ಮಾತಾಡಲಿಲ್ಲ, ಪಾಸ್‌ಬುಕ್ಕನ್ನು ಮತ್ತೆ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಹೊರಗೆ ಹೋದರು. "ಯಾರ ಹತ್ರಾನಾದ್ರೂ" ಎಂದವರಿಗೆ ಆ "ಯಾರು" ಎಲ್ಲಿ ಕೂತಿರುತ್ತಾರೆಂದು ಗೊತ್ತಿತ್ತು. ತೋರಿಸಬಹುದಿತ್ತು.

ಅವರು ಕೂತಿದ್ದುದು ಕಾಂಪೌಂಡಿನ ಹೊರಗೆ, ಜೆರಾಕ್ಸ್ ಅಂಗಡಿಯ ಪಕ್ಕದಲ್ಲಿ. ಒಂದು ಮೇಜು, ಅದರ ಕಾಲಿಗೆ ಕಟ್ಟಿದ ದೊಡ್ಡ ಛತ್ರಿ, ಬಿಳಿಹಾಳೆಯ ಕಟ್ಟು, ಗಾಳಿಗೆ ಹಾರದಂತೆ ಅದರ ಮೇಲೊಂದು ಕಲ್ಲು. ಅರ್ಜಿ ಬರೆಯುವವರು. ಅಜ್ಜಿ ಮೊದಲು ಮಗನ ವಿಷಯ ಹೇಳಿದರು, ಆಮೇಲೆ ಸೊಸೆಯದು, ಆಮೇಲೆ ಮಂಡಿನೋವಿನದು. ಅವರು ಪೆನ್ನು ಮುಟ್ಟದೆ ಎಲ್ಲವನ್ನೂ ಕೇಳಿಸಿಕೊಂಡರು. ನಂತರ ಕೇಳಿದ್ದು ಎರಡೇ ಪ್ರಶ್ನೆ. "ದುಡ್ಡು ಕೊನೇ ಸಲ ಬಂದಿದ್ದು ಯಾವಾಗ ಅಜ್ಜಿ?" "ಯುಗಾದಿ ಆದ್ಮೇಲೆ ಬಂದಿಲ್ಲ ಕಣಪ್ಪ." "ಆಮೇಲೆ ಬೇರೆ ಯಾವ್ದಾದ್ರೂ ಬ್ಯಾಂಕಲ್ಲಿ ಖಾತೆ ತೆಗೆಸಿದ್ರಾ?" ಸಂಘದವರು ತೆಗೆಸಿದ್ದರಂತೆ, ಹೆಬ್ಬೆಟ್ಟು ಹಾಕಿಸಿಕೊಂಡಿದ್ದರಂತೆ. ಅರ್ಜಿಯ ದಿಕ್ಕು ಅಲ್ಲೇ ತಿರುಗಿತು. ಆಧಾರ್ ಲೆಕ್ಕದಲ್ಲಿ ಬರುವ ಹಣ ಕೊನೆಗೆ ಯಾವ ಖಾತೆಗೆ ಜೋಡಣೆಯಾಗಿದೆಯೋ ಆ ಖಾತೆಗೆ ಹೋಗುತ್ತದೆ. "ತಹಶೀಲ್ದಾರ್ ಸಾಹೇಬ್ರಿಗೆ ಬರೆಯೋಕೆ ಮುಂಚೆ ಆ ಬ್ಯಾಂಕಲ್ಲಿ ಒಂದ್ಸಲ ಪಾಸ್‌ಬುಕ್ ಎಂಟ್ರಿ ಮಾಡಿಸ್ಕೊಂಡು ಬನ್ನಿ. ಅಲ್ಲೂ ಇಲ್ಲ ಅಂದ್ರೆ ನಾನು ಬರೆದುಕೊಡ್ತೀನಿ" ಎಂದರು. ದುಡ್ಡು ತೆಗೆದುಕೊಳ್ಳಲಿಲ್ಲ.

ಬರೆಯುವುದನ್ನೇ ಹೊಟ್ಟೆಪಾಡು ಮಾಡಿಕೊಂಡವರು ಬರೆಯಬೇಡಿ ಎಂದು ಹೇಳಿ ಕಳಿಸಿದ್ದನ್ನು ನೋಡಿ ನನಗೆ ಅವರ ಮೇಲೆ ಬಹಳ ಗೌರವ ಬಂತು.

ಅರ್ಜಿ ಬರೆಯುವವರ ಶೈಲಿಯ ಬಗ್ಗೆ ನಗುವವರಿದ್ದಾರೆ. ನಗಲಿ, ಅದು ಇರುವುದೇ ಹಾಗೆ. "ಮಾನ್ಯರೇ" ಎಂದು ಕೈ ಮುಗಿದು ಒಳಗೆ ಬರುತ್ತದೆ. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ" ಎಂದು ಒಂದು ದೊಡ್ಡ ಉಸಿರು ತೆಗೆದುಕೊಳ್ಳುತ್ತದೆ. "ಸದರಿ" ಇಲ್ಲದೆ ಒಂದು ಹೆಜ್ಜೆ ಇಡುವುದಿಲ್ಲ: ಸದರಿ ಜಮೀನು, ಸದರಿ ಖಾತೆ, ಸದರಿ ಎಮ್ಮೆ. ನನಗೆ ಈ ಭಾಷೆಯ ಮೇಲೆ ಅಕ್ಕರೆಯಿದೆ. ಆ ಎಮ್ಮೆ ಯಾವುದೆಂದು ಹತ್ತು ವರ್ಷದ ಮೇಲೆ ಕಡತ ತೆಗೆದವರಿಗೂ ಅನುಮಾನ ಬರಬಾರದಲ್ಲ, ಅದಕ್ಕೆ "ಸದರಿ". ವಿಷಯ, ಉಲ್ಲೇಖ, ಲಗತ್ತು ಎಂದು ಮೂರು ಕಡೆ ಗೆರೆ ಎಳೆಯುತ್ತಾರಲ್ಲ, ಅದು ಟಪಾಲು ಶಾಖೆಯವರಿಗಾಗಿ. ಟಪಾಲಿನವರು ಓದುವುದು "ವಿಷಯ" ಎಂಬ ಒಂದು ಸಾಲನ್ನು. ಆ ಸಾಲು ತಪ್ಪಿದರೆ ಅರ್ಜಿ ಬೇರೆ ಕೇಸ್ ವರ್ಕರ್ ಮೇಜಿಗೆ ಹೋಗಿ ಮಲಗುತ್ತದೆ.

ಓದಿದವರು ತಮಗೆ ಇದರ ಅಗತ್ಯವಿಲ್ಲ ಎಂದುಕೊಳ್ಳುತ್ತಾರೆ. ನಮ್ಮ ನೆರೆಯವರೊಬ್ಬರು ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಹೆಂಡತಿಯ ಆಸ್ಪತ್ರೆ ಖರ್ಚನ್ನು ವಿಮಾ ಕಂಪನಿ ತಳ್ಳಿಹಾಕಿತು. ಅವರು ನಾಲ್ಕು ಪುಟದ ಪತ್ರ ಬರೆದರು. ಒಳ್ಳೆಯ ಭಾಷೆ. ತಮಗಾದ ಅವಮಾನ, ಕಂಪನಿಯ ನೀತಿಗೇಡಿತನ, ದೇಶದ ಸ್ಥಿತಿ ಎಲ್ಲವೂ ಅದರಲ್ಲಿದ್ದವು. ಪಾಲಿಸಿ ಸಂಖ್ಯೆ ಇರಲಿಲ್ಲ, ಇಂತಿಷ್ಟು ಹಣ ಕೊಡಿ ಎಂಬ ಮಾತೂ ಇರಲಿಲ್ಲ. ರಾತ್ರಿಯೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬಂದವರಿಗೆ ಪಾಲಿಸಿ ಸಂಖ್ಯೆ ನೆನಪಾಗದಿದ್ದರೆ ಅದು ತಪ್ಪಲ್ಲ. ಅದಕ್ಕೇ ಇನ್ನೊಬ್ಬರ ಕೈ ಬೇಕು ಎನ್ನುವುದು ನಾನು. ಆದಾಯ ತೆರಿಗೆಗೆ ಆಡಿಟರ್ ಹತ್ತಿರ ಹೋಗುತ್ತೇವೆ, ನೋಟೀಸು ಕೊಡಲು ವಕೀಲರ ಹತ್ತಿರ ಹೋಗುತ್ತೇವೆ, ಅಲ್ಲಿ ಯಾರಿಗೂ ನಾಚಿಕೆಯಿಲ್ಲ. ಛತ್ರಿಯ ಕೆಳಗಿನ ಮೇಜಿಗೆ ಬಂದರೆ ಮಾತ್ರ ಅದು ಅನಕ್ಷರಸ್ಥರ ಜಾಗವಾಗಿಬಿಡುತ್ತದೆ.

ಬರೆಯುವ ಕೈಗೆ ಎಷ್ಟು ಬೆಲೆ ಎಂಬುದನ್ನು ಈ ರಾಜ್ಯ ಒಮ್ಮೆ ಊರೂರಿನಲ್ಲಿ ಕಂಡಿದೆ. ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಉಳುವವನೇ ಹೊಲದೊಡೆಯ ಎಂಬ ಮಾತು ಅಂದು ಕಾನೂನಾಯಿತು. ಆದರೆ ಹೊಲದೊಡೆಯನಾಗಬೇಕಾದ ಗೇಣಿದಾರ ಅರ್ಜಿ ಹಾಕಬೇಕಿತ್ತು. ಅದರ ಹೆಸರು ನಮೂನೆ 7. ಮಲೆನಾಡಿನ ನಮ್ಮ ಕಡೆ "ಏಳನೇ ನಂಬರ್ ಫಾರಂ" ಎಂದೇ ಕರೆಯುತ್ತಿದ್ದರು. ಅದರ ಕೊನೆಯ ದಿನವನ್ನು ಮತ್ತೆ ಮತ್ತೆ ಮುಂದೂಡಿ 1979ರ ಜೂನ್ 30ಕ್ಕೆ ನಿಲ್ಲಿಸಿದರು. ರಾಜ್ಯದಲ್ಲಿ ಬಂದ ಅರ್ಜಿಗಳು ಎಂಟು ಲಕ್ಷಕ್ಕೂ ಹೆಚ್ಚು. ಗೇಣಿದಾರರಲ್ಲಿ ಬಹಳ ಜನಕ್ಕೆ ಓದು ಬರಹ ಇರಲಿಲ್ಲ. ಹಾಗಾದರೆ ಅಷ್ಟೂ ಫಾರಂ ತುಂಬಿದವರು ಯಾರು?

ನಮ್ಮ ಕೇರಿಯಲ್ಲಿ ತುಂಬಿದವರು ಪ್ರೈಮರಿ ಶಾಲೆಯ ಮೇಷ್ಟ್ರು. ಸಂಜೆಯಾದರೆ ಅವರ ಜಗಲಿಯಲ್ಲಿ ಜನ. ಗೇಣಿದಾರನಿಗೆ ತನ್ನ ಗದ್ದೆ ಅಂಗೈಯಷ್ಟು ಗೊತ್ತು. ಹೊಳೆಸಾಲಿನ ಗದ್ದೆ, ಮಾವಿನಮರದ ಗದ್ದೆ, ಮಳೆ ಹೆಚ್ಚಾದರೆ ಕೊಚ್ಚಿಹೋಗುವ ಮೂಲೆ. ಫಾರಂಗೆ ಅದಾವುದೂ ಬೇಡ. ಅದಕ್ಕೆ ಬೇಕಾದ್ದು ಸರ್ವೆ ನಂಬರ್, ಹಿಸ್ಸಾ, ಎಕರೆ, ಗುಂಟೆ, ಒಡೆಯರ ಹೆಸರು. "ಅಪ್ಪನ ಕಾಲದಿಂದ್ಲೂ ನಾವೇ ಮಾಡ್ತಿರೋದು ಮೇಷ್ಟ್ರೇ" ಎಂದರೆ ಆ ಮಾತನ್ನು ಬರೆದುಕೊಳ್ಳಲು ಫಾರಂನಲ್ಲಿ ಮನೆಯಿಲ್ಲ. ಗೇಣಿ ಬಾಯಿಮಾತಿನದು, ಭತ್ತ ಅಳೆದು ಕೊಟ್ಟದ್ದಕ್ಕೆ ರಸೀದಿಯಿಲ್ಲ. ಮೇಷ್ಟ್ರು ಗ್ರಾಮ ಲೆಕ್ಕಿಗರ ಹತ್ತಿರ ಹೋಗಿ ಪಹಣಿ ನೋಡಿಕೊಂಡು ಬರುತ್ತಿದ್ದರು. ಪಹಣಿಯ 9ನೇ ಕಾಲಂನಲ್ಲಿ ಒಡೆಯರ ಹೆಸರು, 12ನೇ ಕಾಲಂನಲ್ಲಿ ಸಾಗುವಳಿದಾರನದು. ಉಳುತ್ತಿದ್ದವನ ಹೆಸರು ಆ 12ನೇ ಕಾಲಂನಲ್ಲೂ ಇಲ್ಲದಿದ್ದರೆ ಮೇಷ್ಟ್ರು ಅಕ್ಕಪಕ್ಕದ ಗದ್ದೆಯವರನ್ನು ಕರೆಸಿ, ಯಾವ ವರ್ಷದಿಂದ ನೋಡುತ್ತಿದ್ದೀರಿ, ಆ ವರ್ಷ ಊರಲ್ಲಿ ಏನಾಗಿತ್ತು ಎಂದು ಕೆದಕುತ್ತಿದ್ದರು. ಯಾರದೋ ಮದುವೆ, ಯಾವುದೋ ನೆರೆ, ಅದರಿಂದ ಇಸವಿ ಲೆಕ್ಕ ಹಾಕುತ್ತಿದ್ದರು. ಹೊಳೆಸಾಲಿನ ಗದ್ದೆಗೂ ಸರ್ವೆ ನಂಬರಿಗೂ ಗಂಟು ಹಾಕಿದ್ದು ಆ ಜಗಲಿಯ ಲಾಂದ್ರದ ಬೆಳಕಿನಲ್ಲಿ.

ಒಂದು ಸರ್ವೆ ನಂಬರ್ ಬಿಟ್ಟುಹೋದರೆ ಒಂದು ಗದ್ದೆ ಹೋಯಿತು ಎಂದೇ ಅರ್ಥ. ಬಿಟ್ಟುಹೋದ ನಂಬರನ್ನು ನಮೂನೆ 7ಕ್ಕೆ ಆಮೇಲೆ ಸೇರಿಸಬಹುದೇ ಎಂಬ ವ್ಯಾಜ್ಯಗಳು ಹೈಕೋರ್ಟಿನವರೆಗೆ ಹೋಗಿ ದಶಕಗಳ ಕಾಲ ನಡೆದವು. ಅರ್ಜಿಯನ್ನೇ ಹಾಕದವರಿಗಾಗಿ ಸರ್ಕಾರ ಎಷ್ಟೋ ವರ್ಷಗಳ ಮೇಲೆ 77ಎ ಕಲಂ ಸೇರಿಸಿ ನಮೂನೆ 7ಎ ತರಬೇಕಾಯಿತು. ಮೇಷ್ಟ್ರಿಗೆ ಈ ಭಯ ಮೊದಲೇ ಇತ್ತೋ ಏನೋ, ತುಂಬಿದ ಫಾರಂ ಓದಿ ಹೇಳದೆ ಯಾರ ಹೆಬ್ಬೆಟ್ಟನ್ನೂ ಒತ್ತಿಸಿಕೊಳ್ಳುತ್ತಿರಲಿಲ್ಲ. ಓದಿ ಮುಗಿಸಿ, "ಇನ್ನೊಂದು ತುಂಡು ಉಳಿದಿಲ್ಲ ತಾನೆ? ಯೋಚ್ನೆ ಮಾಡಿ ಹೇಳು" ಎನ್ನುತ್ತಿದ್ದರು.

ಆ ಕಾನೂನಿನಲ್ಲಿ ಇನ್ನೊಂದು ಸಂಗತಿಯಿತ್ತು. ಭೂ ನ್ಯಾಯಮಂಡಳಿಯ ಮುಂದೆ ವಕೀಲರು ಬರುವಂತಿಲ್ಲ ಎಂದು 48ನೇ ಕಲಂನ 8ನೇ ಉಪಕಲಂ ಹೇಳುತ್ತಿತ್ತು. ಬಡವ ಫೀಸು ಕೊಡಲಾರ, ಇಬ್ಬರೂ ಬರಿಗೈಲಿ ಬರಲಿ ಎಂಬ ಸದುದ್ದೇಶ. ನನಗೆ ಅದು ಅರ್ಥವಾಗುತ್ತದೆ, ಒಪ್ಪಲು ಕಷ್ಟವಾಗುತ್ತದೆ. ಒಡೆಯರ ಮನೆಗೆ ವಕೀಲರು ಕಾಫಿಗೆ ಬಂದು ಕಾಗದ ಸಿದ್ಧಮಾಡಿ ಕೊಟ್ಟುಹೋಗುವುದನ್ನು ಯಾವ ಕಲಂ ತಡೆದೀತು? ಗೇಣಿದಾರನಿಗೆ ಇದ್ದದ್ದು ಮೇಷ್ಟ್ರ ಜಗಲಿ ಒಂದೇ. 1987ರಲ್ಲಿ ಸುಪ್ರೀಂ ಕೋರ್ಟು ಆ ಉಪಕಲಂ ನಿಲ್ಲದು ಎಂದಿತು, ವಕೀಲರ ಕಾಯ್ದೆಗೆ ಅದು ವಿರುದ್ಧ ಎಂಬ ಕಾರಣಕ್ಕೆ. ಅಷ್ಟು ಹೊತ್ತಿಗೆ ನಮ್ಮ ಕೇರಿಯ ತೀರ್ಮಾನಗಳೆಲ್ಲ ಆಗಿಹೋಗಿದ್ದವು. 2021ರಲ್ಲಿ ರಿಸರ್ವ್ ಬ್ಯಾಂಕು ತಂದ ಸಮಗ್ರ ಒಂಬುಡ್ಸ್‌ಮನ್ ಯೋಜನೆಯಲ್ಲೂ ಇಂಥದೇ ಮಾತಿದೆ: ನೊಂದವರು ತಾವೇ ವಕೀಲರಾಗಿದ್ದರೆ ಸರಿ, ಇಲ್ಲವಾದರೆ ವಕೀಲರ ಮೂಲಕ ದೂರು ಕೊಡುವಂತಿಲ್ಲ. ಮೊದಲು ಬ್ಯಾಂಕಿಗೇ ಬರೆಯಬೇಕು, 30 ದಿನ ಕಾಯಬೇಕು, ಆಮೇಲೆ ಒಂಬುಡ್ಸ್‌ಮನ್. ವಕೀಲರಿಲ್ಲದ ಕಡೆ ಬರೆಯುವವರ ಹೊಣೆ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ.

ಹಾಗೆಂದು ನೆಟ್ಟಗೆ ಬರೆದ ಅರ್ಜಿಗೆ ಮಾತ್ರ ಬಾಗಿಲು ತೆರೆಯಬೇಕೆ? ತಿಹಾರ್ ಜೈಲಿನಲ್ಲಿದ್ದ ಸುನೀಲ್ ಬಾತ್ರಾ ಎಂಬ ಕೈದಿ ಇನ್ನೊಬ್ಬ ಕೈದಿಗೆ ಹೆಡ್ ವಾರ್ಡರ್ ಕೊಟ್ಟ ಚಿತ್ರಹಿಂಸೆಯ ಬಗ್ಗೆ ಸುಪ್ರೀಂ ಕೋರ್ಟಿನ ನ್ಯಾಯಾಧೀಶರೊಬ್ಬರಿಗೆ ಕಾಗದ ಬರೆದ. ನ್ಯಾಯಾಲಯ ಆ ಕಾಗದವನ್ನೇ ರಿಟ್ ಅರ್ಜಿ ಎಂದು ಪರಿಗಣಿಸಿತು. ತೀರ್ಪು ಬರೆದವರು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್, 1979ರ ಡಿಸೆಂಬರಿನಲ್ಲಿ. ದೇಶದ ಅತಿ ದೊಡ್ಡ ನ್ಯಾಯಾಲಯ ನಮೂನೆ ಕೇಳದೆ ಒಬ್ಬ ಕೈದಿಯ ಕಾಗದ ಓದಬಲ್ಲದು. ತಾಲ್ಲೂಕು ಕಚೇರಿಯ ಕಿಟಕಿಗೆ ಅಜ್ಜಿಯ ಮಾತು ಕೇಳಿಸುವುದಿಲ್ಲ.

ಕೇಳಬೇಕು ಎಂದು ಕಾನೂನು ಹೇಳಿದೆ, ಬರೆದುಕೊಳ್ಳಬೇಕು ಎಂದೂ ಹೇಳಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 6ನೇ ಕಲಂ ನೋಡಿ. ಬರೆದು ಕೊಡಲಾಗದವರು ಬಾಯಲ್ಲಿ ಕೇಳಿದರೆ, ಅದನ್ನು ಬರಹಕ್ಕಿಳಿಸಲು ಆಗುವ ನೆರವನ್ನೆಲ್ಲ ಮಾಹಿತಿ ಅಧಿಕಾರಿಯೇ ಕೊಡಬೇಕು. ಏಕೆ ಬೇಕು ಎಂಬ ಕಾರಣವನ್ನೂ ಕೇಳುವಂತಿಲ್ಲ. ನಮ್ಮ ರಾಜ್ಯದ ನಿಯಮದಂತೆ ಅಂಥ ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. 150 ಪದದಲ್ಲಿ ಮುಗಿಸಿ ಎಂದು ಜನರಿಗೆ ಹೇಳುವವರಿಗೆ ಆ 150 ಪದ ಬರೆದುಕೊಡುವ ಹೊಣೆಯೂ ಇದೆ. ಪೊಲೀಸ್ ಠಾಣೆಯಲ್ಲೂ ಹಾಗೆಯೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ, ಅದಕ್ಕೂ ಮೊದಲು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 154ನೇ ಕಲಂ, ಎರಡೂ ಒಂದೇ ಮಾತು ಹೇಳುತ್ತವೆ. ಪೊಲೀಸರೇ ಕೈಹಾಕಬಹುದಾದ ಅಪರಾಧವಾದರೆ, ಬಾಯಲ್ಲಿ ಹೇಳಿದ ದೂರನ್ನು ಠಾಣಾಧಿಕಾರಿ ಬರೆದುಕೊಳ್ಳಬೇಕು ಅಥವಾ ಬರೆಸಬೇಕು, ಓದಿ ಹೇಳಬೇಕು, ಸಹಿ ಹಾಕಿಸಿಕೊಳ್ಳಬೇಕು, ನಕಲನ್ನು ಪುಕ್ಕಟೆ ಕೊಡಬೇಕು. ಓದಿ ಹೇಳಬೇಕು ಎಂಬುದನ್ನು ಕಾನೂನಿನಲ್ಲಿ ಓದಿದಾಗ ನನಗೆ ಜಗಲಿಯ ಮೇಷ್ಟ್ರು ನೆನಪಾದರು.

ಈಗ ಮೊಬೈಲಿನಲ್ಲಿ ಎರಡು ಮಾತು ಹೇಳಿದರೆ ಪತ್ರ ತಾನೇ ಸಿದ್ಧವಾಗುತ್ತದೆ ಎಂದು ಮಕ್ಕಳು ತೋರಿಸುತ್ತಾರೆ. ಸಿದ್ಧವಾಗುತ್ತದೆ, ಭಾಷೆಯೂ ಚೆನ್ನಾಗಿರುತ್ತದೆ. ಎಷ್ಟೋ ಜನಕ್ಕೆ ಅದರಿಂದ ಉಪಕಾರವಾಗುವುದಾದರೆ ಸಂತೋಷವೇ. ಆದರೆ ಆ ಅಜ್ಜಿ ಅದರ ಮುಂದೆ ಕೂತರೆ ಮಗನ ವಿಷಯ ಹೇಳುತ್ತಾರೆ, ಸೊಸೆಯ ವಿಷಯ ಹೇಳುತ್ತಾರೆ, ಸಂಘದವರು ತೆಗೆಸಿದ ಖಾತೆಯ ವಿಷಯ ಹೇಳುವುದಿಲ್ಲ. ಹೇಳಬೇಕೆಂದೇ ಅವರಿಗೆ ಗೊತ್ತಿಲ್ಲ. ಅದನ್ನು ಎಳೆದು ತೆಗೆಯಲು ಎದುರಿಗೊಬ್ಬರು ಇರಬೇಕು, ಈ ತಾಲ್ಲೂಕಿನಲ್ಲಿ ಯಾವ ಕೆಲಸ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದನ್ನು ನೋಡಿ ನೋಡಿ ಬಲ್ಲವರು.

ಅಂಥವರನ್ನು ನಾವು ಕಾಂಪೌಂಡಿನ ಹೊರಗೆ ಕೂರಿಸಿದ್ದೇವೆ. ಊರೂರಿಗೆ ಮಿನಿ ವಿಧಾನಸೌಧ ಕಟ್ಟಿದೆವು. ಸಭಾಂಗಣವಿದೆ, ದಾಖಲೆ ಕೊಠಡಿಯಿದೆ, ವಾಹನ ನಿಲ್ಲಿಸುವ ಜಾಗವಿದೆ. ಅರ್ಜಿ ಬರೆಯುವವರಿಗೆ ಒಂದು ಮೂಲೆ ಇಲ್ಲ. ಮಳೆ ಬಂದರೆ ಕಾಗದ ಎತ್ತಿಕೊಂಡು ಜೆರಾಕ್ಸ್ ಅಂಗಡಿಗೆ ಓಡುತ್ತಾರೆ. ಅವರಿಗೊಂದು ಪರವಾನಗಿ ಕೊಡಿ, ಒಂದು ಅರ್ಜಿಗೆ ಇಷ್ಟು ಎಂದು ದರ ಬರೆದು ಗೋಡೆಗೆ ಹಾಕಿ, ಪಿಂಚಣಿಯವರ ಅರ್ಜಿಯ ದುಡ್ಡನ್ನು ಕಚೇರಿಯೇ ಕೊಡಲಿ. ದೊಡ್ಡ ಖರ್ಚೇನಲ್ಲ: ಒಂದು ಮೇಜು, ಎರಡು ಕುರ್ಚಿ, ಒಂದು ಫ್ಯಾನು. ನೆಲ ಅಂತಸ್ತಿನಲ್ಲೇ ಕೊಡಿ, ಅಲ್ಲಿಗೆ ಬರುವವರಿಗೆ ಮಂಡಿನೋವು ಇರುತ್ತದೆ.