ಊದಿದವನ ಹೆಸರು

ಬಂಟ್ವಾಳದಲ್ಲಿ ಬೀಡಿ ಕಟ್ಟುವ ನನ್ನಮ್ಮನ ಕೈಯಲ್ಲಿ ಬೆಳ್ತಂಗಡಿ ಸಂತೆಯ ಗಾಜಿನ ಬಳೆ ಉಂಟು. ದೇಶದ ಇಂಥ ಬಳೆಗಳ ಬಹುಪಾಲು ಉತ್ತರಪ್ರದೇಶದ ಫಿರೋಜಾಬಾದಿನದು. ಕುಲುಮೆಯೆದುರು ಬೆಂದು ಅದನ್ನು ಸುತ್ತಿದವನ ಹೆಸರು ಬಳೆಯ ಮೇಲಿಲ್ಲ. ಬೀಡಿಯ ಲೇಬಲ್ಲಿನಲ್ಲಿ ಅಮ್ಮನ ಹೆಸರೂ ಇಲ್ಲ.

ಗಾಜು ‘ಕಲೆ’ಯೂ ಆಗುತ್ತದೆಂದು ನನಗೆ ಗೊತ್ತಾದದ್ದು ಕಾಲೇಜು ಮೆಟ್ಟಿಲು ಹತ್ತಿದ ಮೇಲೆ. 1962ರಲ್ಲಿ ಅಮೆರಿಕದ ಟೊಲೆಡೊ ಮ್ಯೂಸಿಯಮ್ಮಿನ ಆವರಣದಲ್ಲಿ ಹಾರ್ವೆ ಲಿಟಲ್‌ಟನ್ ಎಂಬ ಮೇಷ್ಟ್ರು ಸಣ್ಣ ಕುಲುಮೆ ಹೂಡಿದ. ಅಲ್ಲಿವರೆಗೆ ಹೆಚ್ಚಾಗಿ ಕಲಾವಿದ ಕಾಗದದಲ್ಲಿ ಗೆರೆ ಎಳೆಯುತ್ತಿದ್ದ, ಕಾರ್ಖಾನೆಯ ಕೆಲಸಗಾರ ಊದುತ್ತಿದ್ದ. ಕಲಾವಿದನೇ ಬೆಂಕಿಯೆದುರು ನಿಲ್ಲಲಿ ಅಂದ ಲಿಟಲ್‌ಟನ್. ಒಳ್ಳೆ ಮಾತೇ. ಆದರೆ ಊದುವುದನ್ನು ಅವರಿಗೆ ತೋರಿಸಿಕೊಟ್ಟದ್ದು ಯಾರು ಗೊತ್ತುಂಟಾ? ಲಿಬ್ಬಿ ಗಾಜಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ಹಾರ್ವೆ ಲೀಫ್‌ಗ್ರೀನ್. ಚರಿತ್ರೆ ಲಿಟಲ್‌ಟನ್‌ಗೆ ಸ್ಟುಡಿಯೋ ಗಾಜಿನ ಪಿತಾಮಹನ ಪಟ್ಟ ಕಟ್ಟಿತು. ಲೀಫ್‌ಗ್ರೀನ್‌ಗೆ ಒಂದು ಸಾಲು ಬಿಟ್ಟಿತು.

ನಮ್ಮಲ್ಲೂ ಅದೇ ಲೆಕ್ಕ. ಮೂಡಬಿದಿರೆಯ ಸಾವಿರ ಕಂಬದ ಬಸದಿ 1430ರದು. ಅಲ್ಲಿಗೆ ಮಕ್ಕಳನ್ನು ಪ್ರವಾಸ ಕರೆತರುವ ಮೇಷ್ಟ್ರುಗಳೇ, ಕಟ್ಟಿಸಿದವರ ಹೆಸರು ಬಾಯಿಪಾಠ ಮಾಡಿಸಿ, ಬೇಡ ಅನ್ನುವುದಿಲ್ಲ. ಕಂಬ ಕೆತ್ತಿದವರು ಯಾರು ಅಂತಲೂ ಕೇಳಿ. ಉತ್ತರ ಸಿಗದಿದ್ದರೆ ಮಕ್ಕಳು ಅಷ್ಟು ಜಾಗ ಖಾಲಿ ಬಿಟ್ಟು ಬರೆದುಕೊಳ್ಳಲಿ. ಆ ಖಾಲಿ ಜಾಗ ನಮ್ಮದು.