ಪುದುಚೇರಿಗೆ ಹೋಗುವ ಗಾಡಿ

2019ರ ಆಗಸ್ಟಿನಲ್ಲಿ ತುಂಗಭದ್ರೆ ದಡ ಮೀರಿ ಹರಿಯುತ್ತಿದ್ದ ದಿನಗಳಲ್ಲಿ ಹರಿಹರದಿಂದ ಭಾವನ ಫೋನು ಬಂತು. ನೀರು ಎಲ್ಲಿಯವರೆಗೆ ಬಂತು, ಅಕ್ಕ ಹೇಗಿದ್ದಾಳೆ, ಸಾಮಾನು ಅಟ್ಟಕ್ಕೇರಿಸಿದಿರಾ ಎಂದು ನಾನು ಗಾಬರಿಯಿಂದ ಕೇಳುತ್ತಿದ್ದರೆ ಅವರಿಗೆ ಹೊಳೆಯ ಚಿಂತೆಯೇ ಇರಲಿಲ್ಲ.

"ಹೊಳೆ ಬಂದಂಗೆ ಹೋಗ್ತೈತೆ ಬಿಡಪ್ಪ. ನಿಮ್ಮೂರ ಎಕ್ಸ್‌ಪ್ರೆಸ್ಸು ಪುದುಚೇರಿಗೆ ಹೋಯ್ತಂತಲ್ಲ, ಪೇಪರ್ ನೋಡಿದ್ಯಾ?"

ಆ "ನಿಮ್ಮೂರ" ಎಂಬ ಮಾತು ಚುರುಕ್ಕೆಂದಿತು. ಹರಿಹರಕ್ಕೂ ದಾವಣಗೆರೆಗೂ ನಡುವೆ ಇರುವುದು ಹದಿನಾಲ್ಕು ಕಿಲೋಮೀಟರು. ನಮ್ಮ ದಾವಣಗೆರೆಯ ಬೌಲರ್ ವಿನಯ್ ಕುಮಾರ್ ವಿಕೆಟ್ ಕಿತ್ತ ದಿನ ಈ ದೂರ ಕರಗಿ ಅವನು "ನಮ್ಮುಡುಗ" ಆಗಿರುತ್ತಿದ್ದ. 2013ರ ನವೆಂಬರಿನಲ್ಲಿ, ದೀಪಾವಳಿಯ ಹಿಂದಿನ ದಿನ, ಬೆಂಗಳೂರಿನಲ್ಲಿ ಆಸ್ಟ್ರೇಲಿಯಾದವರು ಅವನ ಒಂಬತ್ತು ಓವರಿಗೆ 102 ರನ್ ಬಾರಿಸಿದ ರಾತ್ರಿಯೂ ಭಾವ ಫೋನು ಮಾಡಿ, "ನಿಮ್ಮುಡುಗ ಯಾಕಪ್ಪ ಹಿಂಗೆ ಮಾಡ್ದ?" ಎಂದಿದ್ದರು. ಅದೇ ಪಂದ್ಯದಲ್ಲಿ ರೋಹಿತ್ ಶರ್ಮ 209 ಹೊಡೆದಿದ್ದ, ಇಂಡಿಯಾ ಗೆದ್ದಿತ್ತು, ಊರೆಲ್ಲ ಪಟಾಕಿ. ನಮ್ಮ ಓಣಿಯಲ್ಲಿ ಮಾತ್ರ ಪಟಾಕಿ ಹಚ್ಚುವವರ ಕೈ ಸ್ವಲ್ಪ ಸಂಕೋಚದಲ್ಲಿತ್ತು. ಮನೆಯ ಹುಡುಗ ಮದುವೆ ಊಟದಲ್ಲಿ ಸಾರಿನ ಕೊಳಗ ಎಡವಿ ಬೀಳಿಸಿದಂತೆ. ಮದುವೆಯೇನೋ ಚೆನ್ನಾಗಿಯೇ ಆಯಿತು, ಆದರೆ ನಮಗೆ ನೆನಪಿರುವುದು ಸಾರು.

ಮೂರು ತಿಂಗಳು ಕಳೆಯುವುದರೊಳಗೆ ಅದೇ ಹುಡುಗ ಹೈದರಾಬಾದಿನಲ್ಲಿ ರಣಜಿ ಟ್ರೋಫಿ ಎತ್ತಿ ಹಿಡಿದ. ಕರ್ನಾಟಕ ಅದಕ್ಕಾಗಿ ಹದಿನೈದು ವರ್ಷ ಕಾದಿತ್ತು. ಮರುವರ್ಷ ಮುಂಬಯಿಯ ಫೈನಲ್ಲಿನಲ್ಲಿ ತಮಿಳುನಾಡಿನ ಐದು ವಿಕೆಟ್ ತೆಗೆದು, ಆಮೇಲೆ ಬ್ಯಾಟು ಹಿಡಿದು ಸೆಂಚುರಿಯನ್ನೂ ಹೊಡೆದ. ರಣಜಿ, ಇರಾನಿ, ವಿಜಯ್ ಹಜಾರೆ, ಹೀಗೆ ಎರಡು ವರ್ಷ ಮೂರು ಮೂರು ಟ್ರೋಫಿ. ಆಗ ಭಾವ ಫೋನು ಮಾಡಲಿಲ್ಲ, ಖುದ್ದು ಬಸ್ಸು ಹತ್ತಿ ಬಂದರು. ನನ್ನನ್ನು ಕರೆದುಕೊಂಡು ಹೋಗಿ ಬೆಣ್ಣೆದೋಸೆ ಕೊಡಿಸಿದರು. ದುಡ್ಡು ಕೊಡುವಾಗ ಗಲ್ಲಾದವನಿಗೆ, "ನಮ್ಮುಡುಗ ಗೆದ್ದಾನಲ್ಲ, ಅದಕ್ಕೆ" ಎಂದು ಕಾರಣ ಹೇಳಿದರು. ಗಲ್ಲಾದವನು ಚಿಲ್ಲರೆಯನ್ನೇನೂ ಹೆಚ್ಚು ಕೊಡಲಿಲ್ಲ.

ಅವನನ್ನು "ದಾವಣಗೆರೆ ಎಕ್ಸ್‌ಪ್ರೆಸ್" ಎಂದು ಮೊದಲು ಕರೆದವರು ಯಾರೋ, ಅವರಿಗೆ ನಮ್ಮ ಊರಿನವರೆಲ್ಲ ಋಣಿ. ನಿಜ ಹೇಳಬೇಕೆಂದರೆ ವೇಗದಲ್ಲಿ ಅವನೇನೂ ಎಕ್ಸ್‌ಪ್ರೆಸ್ಸಲ್ಲ. ಎಲ್ಲ ಸ್ಟೇಷನ್ನಿನಲ್ಲೂ ನಿಂತು, ಎಲ್ಲರನ್ನೂ ಹತ್ತಿಸಿಕೊಂಡು, ಹೊತ್ತಿಗೆ ಸರಿಯಾಗಿ ಊರು ಮುಟ್ಟಿಸುವ ಪ್ಯಾಸೆಂಜರ್ ಗಾಡಿಯ ನಿಯತ್ತು ಅವನದು. ಚೆಂಡು ಆಚೆ ಈಚೆ ತುಸು ತಿರುಗುತ್ತಿತ್ತು, ಅಷ್ಟೇ. ಆ ತುಸುವಿನಲ್ಲೇ 504 ಪ್ರಥಮ ದರ್ಜೆ ವಿಕೆಟ್ ತೆಗೆದ. 2021ರಲ್ಲಿ ನಿವೃತ್ತಿ ಹೇಳುವಾಗಲೂ ಪುಣ್ಯಾತ್ಮ ರೈಲಿನ ಮಾತನ್ನೇ ಆಡಿದ, ಎಕ್ಸ್‌ಪ್ರೆಸ್ಸು ನಿವೃತ್ತಿ ಎಂಬ ನಿಲ್ದಾಣಕ್ಕೆ ಬಂದು ನಿಂತಿತು ಎಂದು. ಆದರೆ ನಾವು ಯಾರೂ ಯೋಚಿಸದೇ ಹೋದದ್ದು ಒಂದಿದೆ. ಊರಿನ ಹೆಸರು ಹೊತ್ತ ಗಾಡಿಯ ಕೆಲಸವೇ ಊರು ಬಿಟ್ಟು ಹೋಗುವುದು.

ಅವನು ನಮ್ಮನ್ನು ಬಿಟ್ಟು ಹೋದದ್ದು 2019ರಲ್ಲಿ ಅಲ್ಲವೇ ಅಲ್ಲ. ಎಂದೋ ಬ್ಯಾಗು ಹೆಗಲಿಗೇರಿಸಿ ಬೆಂಗಳೂರಿಗೆ ಹೋಗಿದ್ದ. ಆಗ ಯಾರೂ ಅಳಲಿಲ್ಲ, ಯಾರಿಗೂ ಗೊತ್ತೂ ಆಗಲಿಲ್ಲ. ದಾವಣಗೆರೆಯಿಂದ ದಿನಾ ಎಷ್ಟು ಹುಡುಗರು ಬ್ಯಾಗು ಏರಿಸಿಕೊಂಡು ಹೋಗುವುದಿಲ್ಲ! ಅವನು ದೊಡ್ಡವನಾದ ಮೇಲೆ ನಮ್ಮೂರಲ್ಲಿ ಹಿಂದಿನ ದಿನಾಂಕ ಹಾಕಿದ ನೆನಪುಗಳು ಹುಟ್ಟಿಕೊಂಡವು. ಹೈಸ್ಕೂಲ್ ಮೈದಾನದಲ್ಲಿ ಅವನಿಗೆ ಬೌಂಡರಿ ಹೊಡೆದವರು, ಅವನ ಕೈಗೆ ಮೊದಲ ಚೆಂಡು ಕೊಟ್ಟವರು, ಅವನ ತಂದೆಯ ಆಟೋದಲ್ಲಿ ಮೀಟರಿನ ಮೇಲೆ ಐದು ರೂಪಾಯಿ ಹೆಚ್ಚು ಕೊಟ್ಟವರು, ಇವರನ್ನೆಲ್ಲ ಸೇರಿಸಿದರೆ ಒಂದು ಪುರಸಭೆ ಗೆಲ್ಲಬಹುದು. ನಮ್ಮ ಓಣಿಯ ಕ್ಷೌರದಂಗಡಿಯವನಂತೂ ಎಡಗಡೆಯ ಕುರ್ಚಿಯನ್ನು ತೋರಿಸಿ, "ಇಲ್ಲೇ ಕೂರ್ತಿದ್ದ ಸಾರ್" ಎನ್ನುತ್ತಿದ್ದ. ಕುರ್ಚಿಯ ವಯಸ್ಸು ನೋಡಿದರೆ ಲೆಕ್ಕ ಹೊಂದುತ್ತಿರಲಿಲ್ಲ. ನಾನು ಕೇಳಲಿಲ್ಲ, ಕತ್ತಿ ಅವನ ಕೈಯಲ್ಲಿತ್ತು.

ಅವನು ಕರ್ನಾಟಕ ಬಿಟ್ಟು ಪುದುಚೇರಿ ತಂಡಕ್ಕೆ ಆಡಲು ಹೊರಟ ಸುದ್ದಿ ಬಂದ ವಾರ ಆ ಅಂಗಡಿಯಲ್ಲಿ ದೊಡ್ಡ ವಿಚಾರಣೆಯೇ ನಡೆಯಿತು. ಹುಡುಗರಿಗೆ ಜಾಗ ಬಿಟ್ಟಾನೆ, ದೊಡ್ಡ ಮನಸ್ಸು ಎಂದವರು ಒಂದು ಪಕ್ಷ. ಅಲ್ಲ ತೆಗೀರಿ, ಇವರೇ ಅವನನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದವರು ಇನ್ನೊಂದು. ಹಿಂದಿನ ಜನವರಿಯಲ್ಲಷ್ಟೇ ರಾಜಸ್ಥಾನದ ವಿರುದ್ಧ ಕೊನೆಯಲ್ಲಿ ಬಂದು ಔಟಾಗದೆ 83 ಹೊಡೆದು ಕ್ವಾರ್ಟರ್ ಫೈನಲ್ ಎತ್ತಿದ್ದವನು ಅವನೇ ಅಲ್ಲವೇ? ಸೆಮಿಫೈನಲ್ಲಿನಲ್ಲಿ ಸೌರಾಷ್ಟ್ರದ ಪೂಜಾರ ಅವನ ಚೆಂಡಿಗೆ ಬ್ಯಾಟು ತಾಗಿಸಿಯೂ ಅಂಪೈರ್ ಕೈ ಎತ್ತದೆ ನಿಂತದ್ದಕ್ಕೆ ಇಡೀ ಚಿನ್ನಸ್ವಾಮಿ ಕೂಗಾಡಿತ್ತಲ್ಲ? ಅದೇ ಅವನು ಕರ್ನಾಟಕಕ್ಕೆ ಆಡಿದ ಕೊನೆಯ ರಣಜಿ ಪಂದ್ಯವಾಗುತ್ತದೆಂದು ಕೂಗಿದವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಬಹುಶಃ ಬೇರೆಯದನ್ನೇ ಕೂಗುತ್ತಿದ್ದರು. ಖಾರಮಂಡಕ್ಕಿ ಗಾಡಿಯ ಅಜ್ಜ ಮಾತ್ರ ಯಾವ ಪಕ್ಷಕ್ಕೂ ಸೇರದೆ, "ಸಮುದ್ರದ ಊರಂತೆ. ಮಂಡಕ್ಕಿ ಮೆತ್ತಗಾಗ್ತಾವೆ ಅಲ್ಲಿ" ಎಂದು ಮರುಗಿದ.

ನಾವು ದೊಡ್ಡ ಮಟ್ಟದಲ್ಲಿ ಸಿಟ್ಟಾಗುವ ಜನವಲ್ಲ. ಭಾವನ ಮಗ, ನನ್ನ ಸೋದರಳಿಯ, ಮೊಬೈಲಿನಲ್ಲಿ ಲೋಕವನ್ನೆಲ್ಲ ಬಲ್ಲವನು. ಒಂದು ಭಾನುವಾರ ಹರಿಹರದ ಮನೆಯ ಪಡಸಾಲೆಯಲ್ಲಿ ಕೂತು ಅಮೆರಿಕದ ಕಥೆ ಹೇಳಿದ. ಅಲ್ಲಿ ಲೆಬ್ರಾನ್ ಜೇಮ್ಸ್ ಎಂಬ ಬ್ಯಾಸ್ಕೆಟ್‌ಬಾಲ್ ಆಟಗಾರ. ಏಕ್ರನ್ ಎಂಬ ಊರಿನವನು, ಆಡುತ್ತಿದ್ದದ್ದು ಪಕ್ಕದ ಕ್ಲೀವ್‌ಲೆಂಡಿನ ತಂಡಕ್ಕೆ. 2010ರ ಜುಲೈನಲ್ಲಿ ಟೀವಿಯಲ್ಲಿ ಕೂತು, ಜಗತ್ತೆಲ್ಲ ನೋಡುತ್ತಿರುವಾಗಲೇ, ನಾನು ಮಯಾಮಿಗೆ ಹೋಗುತ್ತೇನೆ ಎಂದುಬಿಟ್ಟ. ಕ್ಲೀವ್‌ಲೆಂಡಿನ ಜನ ಬೀದಿಗಿಳಿದು ಅವನ ಹೆಸರಿದ್ದ ಅಂಗಿಗಳನ್ನು ಸುಟ್ಟರು. ಕಟ್ಟಡದ ಮೇಲಿದ್ದ ಅವನ ಆಳೆತ್ತರದ ಎಷ್ಟೋ ಪಟ್ಟು ದೊಡ್ಡ ಚಿತ್ರವನ್ನು ಕಿತ್ತರು. ತಂಡದ ಮಾಲೀಕ ಸಿಟ್ಟಿನ ಪತ್ರ ಬರೆದ.

"ಅಂಗಿ ಯಾಕಪ್ಪ ಸುಟ್ರು?" ಎಂದಳು ಅಕ್ಕ. "ಒಗೆದು ಇಟ್ಕೊಂಡಿದ್ರೆ ಹಬ್ಬದ ಸುಣ್ಣ ಬಳಿಯೋಕಾದ್ರೂ ಹಾಕ್ಕೋಬೋದಿತ್ತು."

ಸುಡಬೇಕೆಂದರೂ ನಮ್ಮಲ್ಲಿ ಸುಡಲು ಏನೂ ಇರಲಿಲ್ಲ ಎಂಬುದು ಆಗ ನನಗೆ ಹೊಳೆಯಿತು. ವಿನಯ್ ಕುಮಾರನ ಹೆಸರಿದ್ದ ಅಂಗಿಯನ್ನು ದಾವಣಗೆರೆಯಲ್ಲಿ ನಾನು ಒಬ್ಬರ ಮೈಮೇಲೂ ಕಂಡಿಲ್ಲ. ಧೋನಿಯದಿತ್ತು, ಕೊಹ್ಲಿಯದಿತ್ತು. ಮನೆಯವನ ಹೆಸರನ್ನು ಬೆನ್ನ ಮೇಲೆ ಯಾರು ಬರೆಸಿಕೊಳ್ಳುತ್ತಾರೆ?

ಭಾವ ಮಾತ್ರ ಅಂಗಿಯ ವಿಚಾರಕ್ಕೆ ಬರಲಿಲ್ಲ. ತುಸು ಹೊತ್ತು ಸುಮ್ಮನಿದ್ದು, "ಆ ಊರಾಗೆ ಕಾರ್ಖಾನೆ ಇದ್ವಾ?" ಎಂದು ಕೇಳಿದರು. ಅಳಿಯ ಮೊಬೈಲು ಒತ್ತಿ ನೋಡಿ, ಇದ್ದವು, ಕ್ಲೀವ್‌ಲೆಂಡಿನಲ್ಲಿ ಉಕ್ಕಿನವು, ಏಕ್ರನ್ನಿನಲ್ಲಿ ಟೈರಿನವು, ಬಹಳಷ್ಟು ಮುಚ್ಚಿವೆ ಎಂದ. ಭಾವ "ಹೂಂ" ಅಂದರು. ಅಷ್ಟೇ.

ಭಾವ ಲೇಥಿನ ಮನುಷ್ಯ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರಿನಲ್ಲಿ ಅವರ ಹರೆಯ ಕಳೆದದ್ದು. ಅಲ್ಲಿ ತಯಾರಾದ ಲೇಥು ದೇಶದ ಯಾವ ಮೂಲೆಯಲ್ಲಿ ಕಂಡರೂ ಮಗಳ ಗಂಡನ ಮನೆಗೆ ಹೋದವರಂತೆ ಅದರ ಯೋಗಕ್ಷೇಮ ವಿಚಾರಿಸುತ್ತಿದ್ದರು. ಸೈರನ್ನಿಗೆ ಊರು ಎದ್ದು, ಸೈರನ್ನಿಗೆ ಉಣ್ಣುತ್ತಿತ್ತು. ಶತಮಾನ ಮಗ್ಗುಲಾಗುವ ಹೊತ್ತಿಗೆ ಕಾರ್ಖಾನೆ ನಿಂತಿತು. ಓಣಿಯ ಮಂದಿ ಪುಣೆ, ಕೊಯಮತ್ತೂರು, ಬೆಂಗಳೂರು ಎಂದು ಚದುರಿದರು. ಇತ್ತ ನಮ್ಮ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲವೂ ಇತ್ತು. ಹತ್ತಿಯ ಮಿಲ್ಲುಗಳ ಚಿಮಣಿಗಳು ಒಂದೊಂದಾಗಿ ಹೊಗೆ ಬಿಡುವುದನ್ನು ಮರೆತವು. ಕೊನೆಗೆ ಬೆಣ್ಣೆದೋಸೆ ಕೂಡ ಬೆಂಗಳೂರಿಗೆ ಹೋಯಿತು. ಅಲ್ಲಿ ರಸ್ತೆಗೊಂದು "ದಾವಣಗೆರೆ ಬೆಣ್ಣೆದೋಸೆ" ಬೋರ್ಡು. ಆ ದೋಸೆಯಾದರೂ ಇಲ್ಲಿಯದೇ? 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬ ತಾಯಿ ಇಲ್ಲಿ ಕಾವಲಿ ಇಟ್ಟಳು, ಅಲ್ಲಿಂದ ಇದೆಲ್ಲ ಎನ್ನುತ್ತಾರೆ. ಬೆಳಗಾವಿಯಲ್ಲಿ ಆಗ ಯಾರಾದರೂ ಸಿಟ್ಟಾಗಿದ್ದರೋ ಏನೋ.

ಅಕ್ಟೋಬರಿನಲ್ಲಿ ಪರೀಕ್ಷೆ ಬಂತು. ವಿಜಯ್ ಹಜಾರೆ ಕ್ವಾರ್ಟರ್ ಫೈನಲ್ಲಿಗೆ ಬೆಂಗಳೂರಿನಲ್ಲಿ ಕರ್ನಾಟಕಕ್ಕೆ ಎದುರಾದದ್ದು, ಬೇರೆ ಯಾರೂ ಸಿಗಲಿಲ್ಲವೆಂಬಂತೆ, ಪುದುಚೇರಿ. ಅಂದು ನಾನು ಹರಿಹರದಲ್ಲೇ ಇದ್ದೆ. ಭಾವ ಬೆಳಿಗ್ಗೆಯೇ ಹರಿಹರೇಶ್ವರನ ಗುಡಿಗೆ ಹೋಗಿ ಬಂದಿದ್ದರು. ಹೊಯ್ಸಳರ ದಂಡನಾಯಕ ಪೋಲಾಳ್ವ 13ನೆಯ ಶತಮಾನದಲ್ಲಿ ಕಟ್ಟಿಸಿದ ಗುಡಿ. ಒಂದೇ ಮೈಯಲ್ಲಿ ಬಲಕ್ಕೆ ಹರ, ಎಡಕ್ಕೆ ಹರಿ.

"ಯಾರು ಗೆಲ್ಲಲಿ ಅಂತ ಬೇಡಿಕೊಂಡ್ರಿ ಭಾವ?"

"ನಮ್ಮುಡುಗನಿಗೆ ವಿಕೆಟ್ ಬೀಳಲಿ, ನಮ್ಮ ಟೀಮು ಗೆಲ್ಲಲಿ ಅಂದೆ."

"ಎರಡೂ ಹೆಂಗಾಗುತ್ತೆ?"

"ಅದನ್ನ ನೋಡ್ಕೊಳ್ಳೋಕೆ ಅಲ್ಲಿ ಇಬ್ಬರು ಅದಾರಲ್ಲ."

ಕರ್ನಾಟಕ ಎಂಟು ವಿಕೆಟ್ಟುಗಳಿಂದ ಗೆದ್ದಿತು. ಭಾವ ಚಪ್ಪಾಳೆ ತಟ್ಟಲು ಕೈ ಎತ್ತಿದವರು ಹಾಗೇ ತಲೆ ನೇವರಿಸಿಕೊಂಡರು. ಸಂಜೆಯವರೆಗೆ ಯಾರ ಜೊತೆಯೂ ಹೆಚ್ಚು ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಕಡ್ಡಿ ಮುರಿದಂತೆ, "ಇನ್ನು ಅವನ ಸುದ್ದಿ ಈ ಮನೇಲಿ ಬೇಡ" ಎಂದು ಅಪ್ಪಣೆ ಮಾಡಿದರು. ಅಲ್ಲಿಯವರೆಗೂ ಅವನ ಸುದ್ದಿಯನ್ನು ಆ ಮನೆಯಲ್ಲಿ ಎತ್ತುತ್ತಿದ್ದವರು ಅವರೊಬ್ಬರೇ.

ಅಪ್ಪಣೆ ಜಾರಿಯಲ್ಲಿತ್ತು. ಆ ಚಳಿಗಾಲದಲ್ಲಿ ಎರಡು ಮೂರು ಸಲ ಹೋದಾಗಲೂ ಕ್ರಿಕೆಟ್ಟಿನ ಮಾತು ಬರಲಿಲ್ಲ. ಆದರೆ ಪೇಪರು ಬಂದ ಕೂಡಲೇ ಭಾವ ಕ್ರೀಡಾಪುಟವನ್ನು ಮಡಚಿ ಹಿತ್ತಿಲಿಗೆ ಹೋಗುವುದು ನನ್ನ ಕಣ್ಣಿಗೆ ಬಿತ್ತು. ಪುದುಚೇರಿ ಆಡುತ್ತಿದ್ದದ್ದು ಪ್ಲೇಟ್ ಗುಂಪಿನಲ್ಲಿ. ಆ ಪಂದ್ಯಗಳ ಸ್ಕೋರನ್ನು ಪತ್ರಿಕೆಯವರು ಪುಟದ ತಳದಲ್ಲಿ, ಸಾಸಿವೆ ಕಾಳಿನಂಥ ಅಕ್ಷರದಲ್ಲಿ ಹಾಕುತ್ತಾರೆ, ಅದೂ ಜಾಹೀರಾತು ಕಡಿಮೆ ಇದ್ದರೆ. ಲೇಥಿನಲ್ಲಿ ಕೂದಲೆಳೆಯ ಅಳತೆ ನೋಡುತ್ತಿದ್ದ ಮನುಷ್ಯ ಈಗ ಭೂತಗಾಜು ಹಿಡಿದು ಆ ಸಾಸಿವೆಯಲ್ಲಿ ಏನನ್ನೋ ಹುಡುಕುತ್ತಿದ್ದರು.

ಒಮ್ಮೆ ಕಾಲು ತೊಳೆಯಲು ಹಿತ್ತಿಲಿಗೆ ಹೋದೆ. ಬಾಗಿಲ ಹಿಂದೆ ಸೀಮೆಸುಣ್ಣದ ಗೆರೆಗಳು. ನಾಲ್ಕು ನಿಂತವು, ಐದನೆಯದು ಅಡ್ಡ. ಹೀಗೆ ಕಟ್ಟು ಕಟ್ಟಾಗಿ ಸಾಲು.

"ಇದೇನು ಭಾವ?"

"ಹಾಲಿನ ಲೆಕ್ಕ" ಎಂದರು.

ಒಳಗಿನಿಂದ ಅಕ್ಕನ ದನಿ ಬಂತು. "ಯಾವ ಹಾಲು? ನಾವು ತರಿಸೋದು ಪಾಕೀಟು. ಲೆಕ್ಕ ಅಂಗಡಿಯೋನೇ ಇಟ್ಟಿರ್ತಾನೆ."

ಫೆಬ್ರವರಿಯಲ್ಲಿ ಪುದುಚೇರಿಯ ಸೀಸನ್ ಮುಗಿಯಿತು. ಅವನ ವಿಕೆಟ್ಟು 45. ಬಾಗಿಲ ಹಿಂದೆ ಒಂಬತ್ತು ಕಟ್ಟು ಇದ್ದವು.

ಅದೇ ತಿಂಗಳು ಸೋದರಳಿಯನಿಗೆ ಬೆಂಗಳೂರಿನಲ್ಲಿ ಕೆಲಸವಾಯಿತು. ಹೊರಡುವ ಮುನ್ನ ಒಂದು ದಿನ ನಮ್ಮ ಮನೆಯಲ್ಲಿದ್ದ. ಕಳಿಸಿಕೊಡಲು ಭಾವನೂ ಬಂದರು. ಅಕ್ಕ ಕೊಟ್ಟ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ದೊಡ್ಡ ಚೀಲ ಮಂಡಕ್ಕಿ. ಆ ಮಂಡಕ್ಕಿಯ ಬಗ್ಗೆ ತಂದೆ ಮಗನ ನಡುವೆ ಮನೆಯಿಂದ ಸ್ಟೇಷನ್ನಿನವರೆಗೂ ಸಣ್ಣ ಜಗಳ ನಡೆದೇ ಇತ್ತು. ಬೆಂಗಳೂರಲ್ಲೂ ಸಿಗುತ್ತೆ ಅಂತ ಅವನು, ಸಿಗುತ್ತೆ, ಇದು ಸಿಗಲ್ಲ ಅಂತ ಇವರು.

ಗಾಡಿ ಬಂದು ನಿಂತಿತು. ಅಳಿಯ ಹತ್ತಿ ತನ್ನ ಸೀಟು ಹುಡುಕಿಕೊಂಡು ಒಳಗೆ ಹೋದ. ಚೀಲ ಭಾವನ ಕೈಯಲ್ಲೇ ಉಳಿಯಿತು. ಅದನ್ನು ಕೊಡಲು ಕಿಟಕಿಗಳನ್ನು ನೋಡುತ್ತಾ ಹೊರಟ ಭಾವ ಬೋಗಿಯ ಬೋರ್ಡಿನ ಮುಂದೆ ನಿಂತುಬಿಟ್ಟರು. ದಾದರ್ – ಪುದುಚೇರಿ. ಚಾಲುಕ್ಯ ಎಕ್ಸ್‌ಪ್ರೆಸ್. ಎಷ್ಟೋ ವರ್ಷಗಳಿಂದ ವಾರಕ್ಕೆ ಮೂರು ದಿನ ಹರಿಹರದ ಹೊಳೆ ದಾಟಿ, ನಮ್ಮೂರಲ್ಲಿ ಎರಡು ಗಳಿಗೆ ನಿಂತು, ಅರಸೀಕೆರೆ, ಬೆಂಗಳೂರಿನ ಮೇಲೆ ಸಮುದ್ರದ ಕಡೆಗೆ ಹೋಗುತ್ತಿದ್ದ ಗಾಡಿ. ಅದರ ಸದ್ದು ಭಾವನಿಗೆ ನಿದ್ದೆಯಲ್ಲೂ ಗೊತ್ತು. ಅದು ಎಲ್ಲಿಗೆ ಹೋಗುತ್ತದೆಂದು ಓದಿದ್ದು ಮಾತ್ರ ಅವತ್ತು.

ಹತ್ತಿರದ ಕಿಟಕಿಯಲ್ಲಿ ತಮಿಳು ಪತ್ರಿಕೆ ಹಿಡಿದ ಹಿರಿಯರೊಬ್ಬರು ಕೂತಿದ್ದರು. ಭಾವ ಕಿಟಕಿಗೆ ಹೋಗಿ, "ಪುದುಚೇರಿ?" ಎಂದು ಕೇಳಿದರು. ಅವರು ಹೌದೆಂದು ತಲೆಯಾಡಿಸಿದರು. ಭಾವ ಆಚೆ ಈಚೆ ನೋಡಿದರು. ಅಳಿಯ ಕಾಣಲಿಲ್ಲ. ನಾನು ದೂರದಲ್ಲಿದ್ದೇನೆ ಎಂದುಕೊಂಡರೋ ಏನೋ, ದನಿ ತಗ್ಗಿಸಿ, "ವಿನಯ್ ಕುಮಾರ್... ಅಲ್ಲಿ... ಹೆಂಗದಾನೆ?" ಎಂದರು. ಆ ಮನುಷ್ಯನಿಗೆ ತಿಳಿಯಲಿಲ್ಲ. ಭಾವ ಮಂಡಕ್ಕಿ ಚೀಲವನ್ನು ಎಡಗೈಗೆ ಬದಲಿಸಿ, ಮೊಣಕಾಲು ನೋವನ್ನು ಮರೆತು, ಪ್ಲಾಟ್‌ಫಾರ್ಮಿನ ಮೇಲೆ ಎರಡು ಹೆಜ್ಜೆ ಓಡಿ ಬಲಗೈ ತಿರುಗಿಸಿ ತೋರಿಸಿದರು. ಚಹಾದ ಹುಡುಗನೊಬ್ಬ ದಾರಿ ಬಿಟ್ಟು ನಿಂತ.

"ಯಾವ ವಿನಯ್ ಕುಮಾರ್ ಸಾರ್?" ಎಂದು ಆ ಹಿರಿಯರು ತಮ್ಮ ತಮಿಳಿನಲ್ಲಿ ಕೇಳಿದರು.

"ದಾವಣಗೆರೆ," ಎಂದರು ಭಾವ. "ದಾವಣಗೆರೆ."

ಆ ಮುಖ ಅರಳಿತು. ಕೊನೆಗೂ ಅರ್ಥವಾದ ಸಂತೋಷದಲ್ಲಿ ಅವರು ಕಿಟಕಿಯ ಸರಳಿನಿಂದ ಕೈ ಹೊರಗೆ ಹಾಕಿ, ಭಾವನ ಕಾಲ ಕೆಳಗಿನ ನೆಲವನ್ನು ತೋರಿಸಿದರು.

"ದಾವಣಗೆರೆ ಇದುದಾನ್ ಸಾರ್. ಇದೇ, ಇದೇ."

ಗಾಡಿ ಹೊರಟಿತು. ಮುಂದಿನ ಬೋಗಿಯ ಬಾಗಿಲಲ್ಲಿ ಅಳಿಯ ಕೈ ಬೀಸುತ್ತಿದ್ದ. ಭಾವ ಬೀಸಲು ಹೋದರು. ಚೀಲ ಇನ್ನೂ ಕೈಯಲ್ಲೇ ಇತ್ತು.