ಸಾವನದುರ್ಗದ ದಾರಿ, ಎರಡು ಲೋಟ ಮಜ್ಜಿಗೆ

ಭಾನುವಾರ ಮಗಳ ಜೊತೆ ಸಾವನದುರ್ಗ ಹತ್ತಿದೆ. ಬೆಂಗಳೂರಿಂದ ಮಾಗಡಿ ಕಡೆ ಸುಮಾರು 60 ಕಿ.ಮೀ. ಬರೀ ಬಂಡೆ, ನೆರಳಿಲ್ಲ. ಬೆಳಿಗ್ಗೇನೇ ಹತ್ತಬೇಕು, ಮಳೇಲಿ ಹೋಗ್ಲೇಬಾರ್ದು.

ಹೋಗೋ ದಾರೀಲಿ ಮಜ್ಜಿಗೆಗೆ ನಿಂತ್ವಿ. ಸ್ಟೀಲ್ ಲೋಟ ಕೈಗೆ ಕೊಡ್ತಾ ಅಂಗಡಿಯಾತ, "ಯಾವೂರು ಸಾರ್? ಯಾವ ಜನ?" ಅಂದ. ಇಪ್ಪತ್ತು ವರ್ಷ ಮೈಕ್ ಹಿಡಿದು ಕೂಗಿದೋನು ನಾನು. ಬಾಯಿ ಕಟ್ಟಿತು. "ಬೆಂಗಳೂರೇ" ಅಂದುಬಿಟ್ಟೆ. ಮಗಳು ನನ್ನ ಮುಖ ನೋಡಿದ್ಲು.

ಮೇಲಿಂದ ಮಂಚನಬೆಲೆ ಜಲಾಶಯ ಕಾಣ್ತಿತ್ತು. ನಮ್ಮವ್ವ ಸೌದೆಗೆ ಅಂತ ಊರ ಗುಡ್ಡಾನ ದಿನಾ ಹತ್ತಿದೋಳು. ನಿಂತು ನೋಡೋಕೆ ಅಂತ ಒಂದಿನಾನೂ ಹತ್ತಲಿಲ್ಲ.

"ಅಪ್ಪಾ, ಆಗ ಯಾಕೆ ಹೇಳ್ಲಿಲ್ಲ?" ಅಂದ್ಲು ಮಗಳು. 1927ರಲ್ಲಿ ಬಾಬಾಸಾಹೇಬರು ಮಹಾಡ್ ಕೆರೆ ನೀರು ಕುಡಿದಿದ್ದನ್ನ ಅವಳಿಗೆ ಹೇಳಿಕೊಟ್ಟೋನು ನಾನೇ. ಉತ್ತರ ಬರಲಿಲ್ಲ.

ಇಳಿದು ಅದೇ ಅಂಗಡಿಗೆ ಹೋದ್ವಿ. "ಆಗ ಕೇಳಿದ್ರಲ್ಲ, ನಾವು ಹೊಲೇರು ಕಣಣ್ಣ. ಇನ್ನೆರಡು ಮಜ್ಜಿಗೆ ಕೊಡಿ" ಅಂದೆ. ಆತ ಗಳಿಗೆ ಸುಮ್ಮನಿದ್ದು ಕೊಟ್ಟ. ಈ ಸಲ ಪೇಪರ್ ಲೋಟ. ಪಕ್ಕದೋರ ಕೈಯಲ್ಲಿ ಸ್ಟೀಲ್ ಲೋಟಾನೇ ಇತ್ತು.

"ನಮಗೂ ಸ್ಟೀಲ್ ಲೋಟದಲ್ಲೇ ಕೊಡಿ ಅಂಕಲ್" ಅಂದ್ಲು ಮಗಳು. ಕೊಟ್ಟ.

ಮುಂದಿನ ತಿಂಗಳು ಮತ್ತೆ ಹೋಗೋಣ. ಬರೋರು ಹೇಳಿ. ಮಜ್ಜಿಗೆ ಅಲ್ಲೇ.

ಜೈಭೀಮ್.